ಮಕ್ಲಬ್ ನಡುಗಡ್ಡೆಯ ತಂತಿ: ಹೊಸ ತಂತ್ರಜ್ಞಾನವನ್ನು ಅಳೆಯುವ ಬಗೆ

ಖಸಬ್ ಬಂದರಿನಿಂದ ಹೊರಡುವ ಪ್ರವಾಸಿ ದೋಣಿಗಳು ಸಾಮಾನ್ಯವಾಗಿ ಹೋಗುವುದು ಖೋರ್ ಶಮ್ ಎಂಬ ಕಡಲ ಕಣಿವೆಗೆ. ಹೊರ್ಮುಜ್ ಜಲಸಂಧಿಯತ್ತ ಚಾಚಿಕೊಂಡಿರುವ ಮುಸಂದಮ್ ಪ್ರಾಂತಕ್ಕೆ ಖಸಬ್ ಮುಖ್ಯ ಪಟ್ಟಣ. ಒಮಾನಿನ ಉಳಿದ ನೆಲಕ್ಕೂ ಈ ಪ್ರಾಂತಕ್ಕೂ ನಡುವೆ ಯುಎಇ ಇದೆ. ಕಣಿವೆಯ ಎರಡೂ ಬದಿಗೆ ಗಿಡವಿಲ್ಲದ ಸುಣ್ಣಕಲ್ಲಿನ ಬೆಟ್ಟಗಳು, ನಡುವೆ ಹಸಿರು ನೀರು, ದೋಣಿಯ ಜೊತೆ ಓಡುವ ಡಾಲ್ಫಿನ್‌ಗಳು. ಒಳಗೆ ಹೋದಂತೆ ಒಂದು ಸಣ್ಣ ಬಂಡೆದ್ವೀಪ ಸಿಗುತ್ತದೆ. ಅದರ ಹೆಸರು ಜಜೀರತ್ ಅಲ್ ಮಕ್ಲಬ್. ದೋಣಿಯವರು ಟೆಲಿಗ್ರಾಫ್ ಐಲೆಂಡ್ ಎನ್ನುತ್ತಾರೆ. ಮೇಲೆ ಹತ್ತಿದರೆ ಹಳೆಯ ಕಟ್ಟಡದ ಕಲ್ಲಿನ ಅಡಿಪಾಯ ಕಾಣುತ್ತದೆ.

1864ರಲ್ಲಿ ಅಂದಿನ ಜಗತ್ತಿನ ಅತಿ ಹೊಸ ತಂತ್ರಜ್ಞಾನ ಈ ಬಂಡೆಯನ್ನು ಮುಟ್ಟಿತು. ಲಂಡನ್ನಿನಿಂದ ಹಿಂದೂಸ್ತಾನಕ್ಕೆ ತಂತಿ ಎಳೆಯುವ ಕೆಲಸದಲ್ಲಿ ಮಕ್ರಾನ್ ಕರಾವಳಿಯ ಗ್ವಾದರ್‌ನಿಂದ ಬಂದ ಕಡಲಡಿಯ ಕೇಬಲ್ಲೂ, ಇಲ್ಲಿಂದ ಪರ್ಷಿಯದ ಬುಶೈರ್‌ಗೆ ಹೋಗುವ ಕೇಬಲ್ಲೂ ಕೂಡಿದ್ದು ಮುಸಂದಮ್‌ನ ಈ ಮೂಲೆಯಲ್ಲಿ. ಇಲ್ಲಿನ ಗುಮಾಸ್ತರು ಒಂದು ಕಡೆಯಿಂದ ಬಂದ ಸಂದೇಶವನ್ನು ಬರೆದುಕೊಂಡು, ಇನ್ನೊಂದು ಕಡೆಗೆ ಕಳಿಸುತ್ತಿದ್ದರು. ಕೊಲ್ಲಿಯ ಈ ಕೇಬಲ್ಲಿನ ಖರ್ಚನ್ನೂ ಆಡಳಿತವನ್ನೂ ಹೊತ್ತದ್ದು ಭಾರತದ ಬ್ರಿಟಿಷ್ ಸರ್ಕಾರ.

ಕೃತಕ ಬುದ್ಧಿಮತ್ತೆ (ಎಐ), ಚಾಲಕನಿಲ್ಲದ ಕಾರು, ಉಪಗ್ರಹದ ಇಂಟರ್ನೆಟ್, ಬ್ಲಾಕ್‌ಚೈನ್ ಹೀಗೆ ಒಂದರ ಹಿಂದೆ ಒಂದು ಬರುವ ಭರವಸೆಗಳಲ್ಲಿ ಯಾವುದನ್ನು ನಂಬಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಮಕ್ಕಳನ್ನು ಯಾವ ಓದಿಗೆ ಕಳಿಸಬೇಕು ಎಂದು ತಲೆ ಕೆಡಿಸಿಕೊಂಡಿರುವ ಕನ್ನಡದ ಮನೆಗಳು ಮಂಗಳೂರಿನಲ್ಲೂ ಇವೆ, ಮಸ್ಕತ್‌ನಲ್ಲೂ ಇವೆ. ಅಂಥವರಿಗೆ ಈ ಬಂಡೆಯ ಕಥೆ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ. ಯಾವುದೇ ತಂತ್ರವನ್ನು ಅದರ ಅತ್ಯುತ್ತಮ ದಿನದಲ್ಲಿ ನೋಡಿ ಅಳೆಯಬಾರದು. ಅದು ಎಲ್ಲಿ ಇನ್ನೊಂದಕ್ಕೆ ಕೂಡಿಕೊಳ್ಳುತ್ತದೋ, ಎಲ್ಲಿ ಕೆಡುತ್ತದೋ, ಕೆಟ್ಟಾಗ ಯಾರು ಬಂದು ಸರಿಮಾಡುತ್ತಾರೋ ಅಲ್ಲಿ ನಿಂತು ಅಳೆಯಬೇಕು.

ಮೊದಲು ಅಂದಿನ ಅಬ್ಬರ ಎಷ್ಟಿತ್ತೆಂದು ನೋಡೋಣ. 1858ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರದ ಅಡಿಯಲ್ಲಿ ಮೊದಲ ಕೇಬಲ್ ಹಾಕಿದಾಗ ನ್ಯೂಯಾರ್ಕ್ ನಗರ ಪಟಾಕಿ ಹೊಡೆದು ಕುಣಿಯಿತು. ಆ ಪಟಾಕಿಯ ಕಿಡಿಯಿಂದ ನಗರಸಭೆಯ ಕಟ್ಟಡದ ಗೋಪುರಕ್ಕೇ ಬೆಂಕಿ ಹತ್ತಿತು. ಉಳಿದ ಕೇಬಲ್ಲನ್ನು ತುಂಡು ಮಾಡಿ ಟಿಫನಿ ಅಂಗಡಿ ನೆನಪಿನ ಕಾಣಿಕೆಯಾಗಿ ಮಾರಿತು. ದೇಶದೇಶಗಳು ಮಾತಾಡಿಕೊಳ್ಳುವಂತಾಯಿತು, ಇನ್ನು ಯುದ್ಧಗಳಿಗೆ ಕಾರಣವೇ ಇಲ್ಲ ಎಂದು ತಿಳಿದವರೇ ಬರೆದರು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಶುಭಾಶಯ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತ ದುರ್ಬಲವಾಗಿದೆ ಎಂದು, ಕೇಬಲ್ ಹಾಕಿದ ಅಟ್ಲಾಂಟಿಕ್ ಕಂಪನಿಯ ವಿದ್ಯುತ್ ತಂತ್ರಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಹರಿಸಿದರು. ಮೂರು ವಾರದಷ್ಟರಲ್ಲಿ ಕೇಬಲ್ ಸತ್ತಿತು.

ನಮ್ಮ ಕಡೆಗೆ ಬರಬೇಕಾಗಿದ್ದ ಕೇಬಲ್ಲಿನ ಗತಿಯೂ ಅದೇ. 1859–60ರಲ್ಲಿ ಸೂಯೆಜ್‌ನಿಂದ ಏಡನ್ ಮೂಲಕ ಕರಾಚಿಗೆ ಕೆಂಪು ಸಮುದ್ರದ ಕಂಪನಿಯೊಂದು ತಂತಿ ಹಾಕಿತು. ಕಡಲತಳದ ಏರಿಳಿತಕ್ಕೆ ಬೇಕಾದಷ್ಟು ಸಡಿಲ ಬಿಡದೆ ಬಿಗಿಯಾಗಿ ಎಳೆದು ಹಾಕಿದ್ದರಿಂದ ಅದು ಅಲ್ಲಲ್ಲಿ ತುಂಡಾಯಿತು. ಉದ್ದಕ್ಕೂ ಒಂದಾಗಿ ಕೆಲಸ ಮಾಡಲೇ ಇಲ್ಲ. ಆದರೆ ಬ್ರಿಟಿಷ್ ಸರ್ಕಾರ ಮೊದಲೇ ಷರತ್ತಿಲ್ಲದ ಖಾತರಿ ಬರೆದುಕೊಟ್ಟಿತ್ತು. ಸತ್ತ ತಂತಿಗೆ ವರ್ಷಕ್ಕೆ 36,000 ಪೌಂಡ್‌ನಂತೆ 50 ವರ್ಷ ಕಟ್ಟುವ ಹೊರೆ ತೆರಿಗೆದಾರರ ತಲೆಗೆ ಬಿತ್ತು.

ಆಮೇಲೆ ನಡೆದದ್ದು ಈ ಕಥೆಯಲ್ಲಿ ನನಗೆ ಅತಿ ಹಿಡಿಸಿದ ಭಾಗ. ಸರ್ಕಾರವೂ ಅಟ್ಲಾಂಟಿಕ್ ಕಂಪನಿಯೂ ಸೇರಿ ಒಂದು ಜಂಟಿ ಸಮಿತಿ ಮಾಡಿದವು. 1861ರಲ್ಲಿ ಅದರ ವರದಿ ಹೊರಬಂತು. ಅಲ್ಲಿಯವರೆಗೆ ಜಗತ್ತಿನಲ್ಲಿ ಹಾಕಿದ 11,364 ಮೈಲಿ ಕಡಲ ಕೇಬಲ್ಲಿನಲ್ಲಿ ಕೆಲಸ ಮಾಡುತ್ತಿದ್ದುದು ಸುಮಾರು 3,000 ಮೈಲಿ ಮಾತ್ರ ಎಂದು ವರದಿ ನೇರವಾಗಿ ಬರೆಯಿತು. ಪ್ರತಿ ಸೋಲಿನ ಕಾರಣವನ್ನೂ ಹುಡುಕಿತು. ಖಸಬ್ ಬಳಿಯ ಈ ಕೇಬಲ್ ತಯಾರಾದದ್ದು ಆ ವರದಿಯ ನಂತರ. ಸರ್ ಚಾರ್ಲ್ಸ್ ಬ್ರೈಟ್ ಮತ್ತು ಲ್ಯಾಟಿಮರ್ ಕ್ಲಾರ್ಕ್ ಎಂಬ ಎಂಜಿನಿಯರುಗಳು ತಾಮ್ರದ ತಂತಿಗೆ ಹೊದಿಸಿದ ಗಟಾಪರ್ಚಾ ಅಂಟನ್ನು ನೀರಿನ ಒತ್ತಡದಲ್ಲಿಟ್ಟು ಪರೀಕ್ಷಿಸಿದರು. ಹಡಗಿನ ತೊಟ್ಟಿಗಳಲ್ಲಿ ಕೇಬಲ್ಲನ್ನು ನೀರಲ್ಲೇ ಮುಳುಗಿಸಿಟ್ಟು, ಆಫ್ರಿಕಾ ಸುತ್ತಿಬರುವ ದಾರಿಯುದ್ದಕ್ಕೂ ಅಳೆಯುತ್ತ ಬಂದರು. ಈ ತಂತಿ ಬಾಳಿತು.

ಹಾಗಾಗಿ ಹೊಸ ತಂತ್ರಜ್ಞಾನದ ಸುದ್ದಿ ಓದುವಾಗ ಮೊದಲು ಹುಡುಕಬೇಕಾದದ್ದು ಇಂಥ ಸೋಲಿನ ಲೆಕ್ಕವನ್ನು. ಎಷ್ಟು ಕಡೆ ಹಾಕಿದರು, ಎಷ್ಟು ಕಡೆ ಇವತ್ತಿಗೂ ನಡೆಯುತ್ತಿದೆ? ಸೋತದ್ದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಗೆದ್ದ ಕಥೆಗಳನ್ನು ಮಾತ್ರ ಕೊಡುವ ಕಂಪನಿ ಇನ್ನೂ 1858ರಲ್ಲೇ ಇದೆ ಎಂದು ತಿಳಿಯಿರಿ.

ಪ್ರದರ್ಶನ ನೋಡಿದಾಗಲೂ ಹೀಗೆಯೇ: ತೋರಿಸಿದ್ದೆಷ್ಟು, ಹೇಳಿದ್ದೆಷ್ಟು ಎಂದು ಬೇರೆ ಮಾಡಿ. ಬೆಂಗಳೂರಿಗರಿಗೆ ಇದಕ್ಕೆ ಹತ್ತಿರದ ಉದಾಹರಣೆ ಕೊಳವೆಯೊಳಗೆ ಅತಿವೇಗವಾಗಿ ಓಡಬೇಕಿದ್ದ ರೈಲು ಹೈಪರ್‌ಲೂಪ್. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಸಂಸ್ಥೆಯೂ ವರ್ಜಿನ್ ಹೈಪರ್‌ಲೂಪ್ ಕಂಪನಿಯೂ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವಿಮಾನ ನಿಲ್ದಾಣದಿಂದ ನಗರದ ನಡುವಿಗೆ 10 ನಿಮಿಷ ಎಂದು ಪತ್ರಿಕೆಗಳ ತಲೆಬರಹ ಸಾರಿತು. ಸಹಿಯಾದದ್ದು ರೈಲು ಕಟ್ಟುವುದಕ್ಕಲ್ಲ, ಕಟ್ಟಬಹುದೇ ಎಂದು ಅಧ್ಯಯನ ಮಾಡುವುದಕ್ಕೆ. ಅದೇ ನವೆಂಬರ್‌ನಲ್ಲಿ ನೆವಾಡದ ಮರುಭೂಮಿಯಲ್ಲಿ ಆ ಕಂಪನಿ ಮನುಷ್ಯರನ್ನು ಕೂರಿಸಿ ಓಡಿಸಿತು: ಇಬ್ಬರು, 500 ಮೀಟರಿನ ಕೊಳವೆ, ಗಂಟೆಗೆ 172 ಕಿಲೋಮೀಟರ್ ವೇಗ. ಹೇಳಿದ್ದ ವೇಗ ಸಾವಿರ ಕಿಲೋಮೀಟರಿಗೂ ಮೇಲಿನದು. 172ಕ್ಕಿಂತ ವೇಗವಾಗಿ ಓಡುವ ಸಾಧಾರಣ ರೈಲುಗಳು ಜಗತ್ತಿನಲ್ಲಿ ದಶಕಗಳಿಂದ ಇವೆ. 2022ರ ಆರಂಭದಲ್ಲಿ ಕಂಪನಿ ಪ್ರಯಾಣಿಕರ ಯೋಚನೆ ಬಿಟ್ಟು ಸರಕಿನತ್ತ ತಿರುಗಿತು, 2023ರ ಕೊನೆಗೆ ಬಾಗಿಲು ಹಾಕಿತು. ಸುದ್ದಿಯಲ್ಲಿ ‘ಒಪ್ಪಂದ’ ಎಂದಿದ್ದರೆ ಯಾವುದಕ್ಕೆ ಒಪ್ಪಂದ ಎಂಬ ಎರಡನೇ ಸಾಲನ್ನು ಓದಿ. ಅಧ್ಯಯನ, ಪ್ರಾಯೋಗಿಕ ಹಂತ, ಟೆಂಡರ್, ಕಾಮಗಾರಿ, ಸೇವೆ ಇವು ಐದು ಬೇರೆಬೇರೆ ಮೆಟ್ಟಿಲುಗಳು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂದು ತಲೆಮಾರೇ ಕಳೆದೀತು.

ಮಾರಾಟಗಾರರೂ ಸಲಹೆಗಾರರೂ ಇಲ್ಲೊಂದು ನಕ್ಷೆ ತೋರಿಸುತ್ತಾರೆ. ಗಾರ್ಟ್‌ನರ್ ಎಂಬ ಸಂಸ್ಥೆ 1995ರಿಂದ ಬಳಸುತ್ತಿರುವ ಗೆರೆ ಅದು. ಭರವಸೆ ಶಿಖರಕ್ಕೇರಿ, ನಿರಾಸೆಯ ಕಂದಕಕ್ಕೆ ಬಿದ್ದು, ಮತ್ತೆ ನಿಧಾನಕ್ಕೆ ಮೇಲೇರಿ ಸಮತಟ್ಟಾಗುತ್ತದೆ. ಬಿದ್ದದ್ದು ಏಳುತ್ತದೆ ಎಂಬ ಭ್ರಮೆಯನ್ನು ಆ ಗೆರೆ ಹುಟ್ಟಿಸುತ್ತದೆ. ಬಿದ್ದಲ್ಲೇ ಸತ್ತವು ಎಷ್ಟೋ ಇವೆ. ಕಂದಕದಲ್ಲಿದೆ, ಈಗಲೇ ಕೊಳ್ಳಿ ಎಂದು ಯಾರಾದರೂ ಆ ಚಿತ್ರ ತೋರಿಸಿ ಹೇಳಿದರೆ ಎದ್ದು ಬನ್ನಿ.

ಮಕ್ಲಬ್‌ಗೆ ಮರಳುತ್ತೇನೆ, ಯಾಕೆಂದರೆ ಗೆದ್ದ ತಂತ್ರಜ್ಞಾನವನ್ನು ಅಳೆಯುವುದು ಸೋತದ್ದನ್ನು ಅಳೆಯುವುದಕ್ಕಿಂತ ಕಷ್ಟ. 1865ರ ಆರಂಭದಲ್ಲಿ ಇಂಗ್ಲೆಂಡಿಗೂ ಕರಾಚಿಗೂ ತಂತಿ ಸಂಪರ್ಕ ತೆರೆಯಿತು. ಕಡಲಡಿಯ ಭಾಗ ಚೆನ್ನಾಗಿಯೇ ಇತ್ತು. ಆದರೂ ಸಂದೇಶಗಳು ದಿನಗಟ್ಟಲೆ ತಡವಾಗುತ್ತಿದ್ದವು, ಕೆಲವು ಅರ್ಥವೇ ಆಗದಷ್ಟು ಕೆಟ್ಟು ಬರುತ್ತಿದ್ದವು. ಬುಶೈರ್ ದಾಟಿ ಕೇಬಲ್ ಮುಗಿಯುವ ಫಾವೊದಿಂದ ಬಾಗ್ದಾದ್, ಕಾನ್‌ಸ್ಟಾಂಟಿನೋಪಲ್ ಮೂಲಕ ಯುರೋಪಿಗೆ ಹೋಗುವ ನೆಲದ ದಾರಿಯಲ್ಲಿ ಠಾಣೆಯಿಂದ ಠಾಣೆಗೆ ಗುಮಾಸ್ತರು ಬರೆದುಕೊಂಡು ಮತ್ತೆ ಕಳಿಸಬೇಕಿತ್ತು. ಇಂಗ್ಲಿಷ್ ಬಾರದವರ ಕೈಯಲ್ಲಿ ಇಂಗ್ಲಿಷ್ ಸಂದೇಶ ನಾಲ್ಕಾರು ಸಲ ನಕಲಾದರೆ ಏನಾದೀತು? ದೂರುಗಳು ಎಷ್ಟು ಬಂದವೆಂದರೆ 1866ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ಇದರ ವಿಚಾರಣೆ ನಡೆಸಿತು. ಸೀಮೆನ್ಸ್ ಸಹೋದರರು ಪ್ರಷ್ಯ, ರಷ್ಯ, ಪರ್ಷಿಯಗಳ ಮೂಲಕ ಒಂದೇ ಆಡಳಿತದ ನೆಲದ ತಂತಿಯನ್ನು ಎಳೆದ ಮೇಲೆ, 1870ರ ಏಪ್ರಿಲ್ 12ರಂದು ಲಂಡನ್ನಿನಿಂದ ಕಲಕತ್ತೆಗೆ ಸಂದೇಶ 28 ನಿಮಿಷಕ್ಕೆ ಮುಟ್ಟಿತು. ದಿನಗಳು ನಿಮಿಷಗಳಾಗುವುದಕ್ಕೆ ವಿದ್ಯುತ್ತಿನ ವೇಗವೇನೂ ಹೆಚ್ಚಬೇಕಾಗಿರಲಿಲ್ಲ. ಕೈಬದಲಾಗುವ ಜಾಗಗಳು ಸರಿಹೋಗಬೇಕಿತ್ತು.

ಇವತ್ತಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಓದುವ ಎಐ ಯಂತ್ರಕ್ಕೂ ಇದೇ ಪ್ರಶ್ನೆ. ಯಂತ್ರ ಒಂದು ಕ್ಷಣದಲ್ಲಿ ಹೇಳುತ್ತದೆ, ಸರಿ. ಆ ಫಲಿತಾಂಶವನ್ನು ಯಾವ ವೈದ್ಯರು ಯಾವಾಗ ನೋಡುತ್ತಾರೆ? ತಪ್ಪಾದರೆ ಹೊಣೆ ಯಾರದು? ರೋಗಿಗೆ ಕನ್ನಡದಲ್ಲಿ ತಿಳಿಸುವವರು ಯಾರು? ಎಐಯ ಪಿತಾಮಹರಲ್ಲಿ ಒಬ್ಬರೆನಿಸಿದ ಜೆಫ್ರಿ ಹಿಂಟನ್ 2016ರಲ್ಲಿ, ಇನ್ನು ರೇಡಿಯಾಲಜಿಸ್ಟರನ್ನು ತಯಾರು ಮಾಡುವುದನ್ನು ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ, ಹೆಚ್ಚೆಂದರೆ ಹತ್ತು ಎಂದರು. ಅವರ ವಿದ್ವತ್ತು ದೊಡ್ಡದು. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಅವರಿಗೆ ಬಂತು. ಆದರೆ ರೇಡಿಯಾಲಜಿ ಓದಿದವರಿಗೆ ಇವತ್ತಿಗೂ ಬೇಡಿಕೆ ಇದೆ. ಚಿತ್ರ ಓದುವುದು ಆ ಕೆಲಸದ ಒಂದು ತುಣುಕು ಮಾತ್ರ ಎಂಬುದನ್ನು ಆ ಮಾತು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಗಳ ಓದಿನ ಬಗ್ಗೆ ನಿರ್ಧರಿಸುವಾಗ ತಂತ್ರ ಕಟ್ಟಿದವರ ಮಾತಿಗಿಂತ ಆ ಕೆಲಸವನ್ನು ದಿನವೂ ಮಾಡುವ ಇಬ್ಬರನ್ನು ಕೇಳಿ: ಬೆಳಗಿನಿಂದ ಸಂಜೆವರೆಗೆ ನೀವು ಮಾಡುವುದರಲ್ಲಿ ಯಂತ್ರ ಏನೇನು ಮಾಡೀತು? ಕೆಲಸಗಳು ಮಾಯವಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಭಾರತದ ಕೊನೆಯ ಟೆಲಿಗ್ರಾಂ 2013ರ ಜುಲೈಯಲ್ಲಿ ಹೋಯಿತು, ತಂತಿ ಗುಮಾಸ್ತರೆಂಬ ಒಂದು ವರ್ಗವೇ ಇತಿಹಾಸ ಸೇರಿತು. ಅದಕ್ಕೆ ಒಂದೂವರೆ ಶತಮಾನ ಹಿಡಿಯಿತು. ಎಷ್ಟು ಬೇಗ ಎಂಬುದೇ ನಿಮ್ಮ ಮನೆಗೆ ಬೇಕಾದ ಉತ್ತರ, ಅತಿರಂಜಿತ ಸುದ್ದಿ ತಪ್ಪುವುದೂ ಬಹುಮಟ್ಟಿಗೆ ಅಲ್ಲಿಯೇ.

ಸಮಾಜದ ಮೇಲಿನ ಪರಿಣಾಮ ಬೇರೆಯೇ ವಿಷಯ. ಈ ಬಂಡೆಯ ಮೂಲಕ ಇಂಗ್ಲೆಂಡಿಗೆ 20 ಪದ ಕಳಿಸಲು 5 ಪೌಂಡ್ ಕೊಡಬೇಕಿತ್ತು. ಸಾಮಾನ್ಯರು ಆ ದರ ಕೊಟ್ಟು ಅಮ್ಮನ ಕ್ಷೇಮ ವಿಚಾರಿಸುವಂತಿರಲಿಲ್ಲ. ಅದನ್ನು ಬಳಸಿದ್ದು ಸರ್ಕಾರ ಮತ್ತು ಹತ್ತಿ ವ್ಯಾಪಾರಿಗಳು. ಆಗ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರ್‌ಗೆ ಹತ್ತಿ ಸಿಗದೆ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಬೊಂಬಾಯಿಗೆ ಹರಿದುಬಂದ ಹಣದಲ್ಲಿ ಕಂಪನಿಗಳು ಹುಟ್ಟಿದವು. ಕಡಲು ತುಂಬಿಸಿ ನೆಲ ಮಾಡುವ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು 50,000ವನ್ನು ದಾಟಿತು. 1865ರ ವಸಂತದಲ್ಲಿ ಯುದ್ಧ ಮುಗಿದ ಸುದ್ದಿ ಬಂತು, ಹತ್ತಿಯ ಬೆಲೆ ಕುಸಿಯಿತು, ಜುಲೈ 1ರಂದು ವಾಯಿದೆ ವಹಿವಾಟುಗಳ ಲೆಕ್ಕ ಮುಗಿಸುವ ದಿನ ಬೊಂಬಾಯಿಯ ಷೇರುಪೇಟೆ ಬಿದ್ದುಹೋಯಿತು. ಕುಸಿತಕ್ಕೆ ತಂತಿ ಕಾರಣವಲ್ಲ, ಆದರೆ ತಂತಿ ಓದುವವನಿಗೂ ಓದಲಾರದವನಿಗೂ ನಡುವಿನ ಅಂತರ ಹಿಂದೆಂದಿಗಿಂತ ದೊಡ್ಡದಾಯಿತು. ಗದಗ, ಹುಬ್ಬಳ್ಳಿಯ ಸುತ್ತ ಹತ್ತಿ ಬಿತ್ತಿದ ರೈತನಿಗೆ ಲಿವರ್‌ಪೂಲಿನ ದರ ತಿಳಿಸುವ ತಂತಿ ಎಲ್ಲಿತ್ತು? ಹಾಗಾಗಿ ಹೊಸ ಸೇವೆ ಬಂದಾಗ ಮೊದಲ ಹತ್ತು ವರ್ಷ ಇದನ್ನು ಕೊಳ್ಳಬಲ್ಲವರು ಯಾರು, ಅವರ ಎದುರು ಕೂತು ವ್ಯವಹಾರ ಮಾಡಬೇಕಾದವರು ಯಾರು ಎಂದು ಕೇಳಬೇಕು. ಎಲ್ಲರಿಗೂ ಒಳ್ಳೆಯದು ಎಂಬ ಮಾತಿನಲ್ಲಿ ‘ಎಲ್ಲರೂ’ ಬರುವುದು ಕೊನೆಗೆ.

ಇದೇ ಹತ್ತಿಯ ಕಾಲದಿಂದ ಇನ್ನೊಂದು ಜೋಡಿ ಉದಾಹರಣೆ. ಅಮೆರಿಕದ ತಳಿಯ ಹತ್ತಿಯನ್ನು ನಮ್ಮ ಚರಕ ಬೀಜದಿಂದ ಸರಿಯಾಗಿ ಬಿಡಿಸುತ್ತಿರಲಿಲ್ಲ. ಗರಗಸದ ಹಲ್ಲಿನ ಜಿನ್ ಯಂತ್ರ ಬೇಕಿತ್ತು. ಧಾರವಾಡದಲ್ಲಿ ಅದು ನೆಲೆಯೂರಿತು, ಯಾಕೆಂದರೆ ಅಲ್ಲೇ ಯಂತ್ರ ಮಾಡುವ, ದುರಸ್ತಿ ಮಾಡುವ ಸರ್ಕಾರಿ ಕಾರ್ಖಾನೆ ಇತ್ತು. ಅದೇ ಹೊತ್ತಿಗೆ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಟ್ಟಿದ ಕಂಪನಿಯೊಂದು ಕಾರವಾರದ ಸದಾಶಿವಗಡಕ್ಕೆ ಯಂತ್ರ ಸಾಗಿಸಿತು, ಧಾರವಾಡದ ಹತ್ತಿ ಘಟ್ಟ ಇಳಿದು ಅಲ್ಲಿಂದಲೇ ಹಡಗು ಹತ್ತಬೇಕೆಂದು. ಬಂದರಿಗೆ ಯಂತ್ರ ಬಂತು, ಘಟ್ಟದ ರಸ್ತೆ ಮುಗಿದಿರಲಿಲ್ಲ. ಕಂಪನಿ ಬಾಳಲಿಲ್ಲ. ಇಲ್ಲಿ ಸೋತದ್ದು ಯಂತ್ರವಲ್ಲ. ನಿಮ್ಮ ಊರಿಗೆ ಡ್ರೋನಿನಿಂದ ಔಷಧಿ ಹೊಡೆಯುವವರು ಬಂದರೆ, ಸೌರ ಪಂಪು ಮಾರುವವರು ಬಂದರೆ, ಬ್ರೋಷರ್ ಬದಿಗಿಟ್ಟು ಕೇಳಿ: ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಮಾಡುವ ಹುಡುಗ ಯಾವ ಊರಿನವನು, ಎಷ್ಟು ದಿನಕ್ಕೆ ಬರುತ್ತಾನೆ.

ಮಕ್ಲಬ್ ಠಾಣೆ 1868ರ ಹೊತ್ತಿಗೇ ಖಾಲಿಯಾಯಿತು. ಬಿಸಿಲಿಗೂ ಒಂಟಿತನಕ್ಕೂ ಅಲ್ಲಿದ್ದವರು ಹುಚ್ಚರಾದರು, ಅದಕ್ಕೇ ಮುಚ್ಚಿದರು ಎಂಬ ಕಥೆಯನ್ನು ದೋಣಿಯಲ್ಲಿ ಹೇಳುತ್ತಾರೆ. ಕೇಳಲು ರೋಚಕವಾಗಿದೆ, ಪ್ರವಾಸದ ಪುಸ್ತಕಗಳು ಒಂದನ್ನೊಂದು ನೋಡಿ ಬರೆದುಕೊಂಡಿವೆ. ಬೇಗೆ ನಿಜ, ಕಷ್ಟ ನಿಜ. ಆದರೆ ಆ ಹೊತ್ತಿಗೆ ಮಕ್ರಾನ್ ಕರಾವಳಿಯಲ್ಲಿ ನೆಲದ ತಂತಿ ಜಾಸ್ಕ್‌ನತ್ತ ಬೆಳೆಯುತ್ತಿತ್ತು. ಕೇಬಲ್ಲನ್ನು ಎದುರು ದಡದ ಹೆಂಗಾಮ್, ಜಾಸ್ಕ್‌ಗಳತ್ತ ತಿರುಗಿಸಿದ ಮೇಲೆ ಈ ಬಂಡೆ ಬೇಕಾಗಲಿಲ್ಲ. ಅಬ್ಬರ ಹುಟ್ಟುವುದು ಮುಂದಿನದರ ಬಗ್ಗೆ ಮಾತ್ರವಲ್ಲ, ಹಿಂದಿನದರ ಬಗ್ಗೆಯೂ. ಒಂದೇ ಸಂಗತಿ ಹತ್ತು ಕಡೆ ಒಂದೇ ಮಾತಿನಲ್ಲಿ ಕಂಡರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿಯ ಹತ್ತು ನಕಲು. ಎಐ ಬರೆದ ಲೇಖನಗಳು ಜಾಲವನ್ನು ತುಂಬುತ್ತಿರುವ ಈ ದಿನಗಳಲ್ಲಿ ಇದನ್ನು ಮರೆಯಬಾರದು.

ಆ ತಂತಿಗೆ ಬೆಲೆ ತೆತ್ತವರು ಬೇರೆ ಕಡೆಯೂ ಇದ್ದರು. ಕೇಬಲ್ಲಿಗೆ ಹೊದಿಸಿದ ಗಟಾಪರ್ಚಾ ಮಲಯ, ಬೋರ್ನಿಯೊ ಕಾಡುಗಳ ಮರದ ಹಾಲು. ಹಾಲು ತೆಗೆಯಲು ಮರವನ್ನೇ ಕಡಿಯುತ್ತಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಆ ಮರ ಹಲವು ಕಡೆ ಕಾಣದಂತಾಯಿತು. ಇವತ್ತಿನ ಎಐಗೆ ಬೇಕಾದ್ದು ವಿದ್ಯುತ್ತು ಮತ್ತು ತಂಪು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ್ದು ಸುಮಾರು 415 ಟೆರಾವ್ಯಾಟ್ ಅವರ್, ಅಂದರೆ ಒಟ್ಟು ವಿದ್ಯುತ್ತಿನ ಶೇ 1.5. 2030ಕ್ಕೆ ಅದು ಇಮ್ಮಡಿ ಮೀರುವ ನಿರೀಕ್ಷೆ ಇದೆ. ಶೇ 1.5 ಎಂಬುದು ಪ್ರಳಯವಲ್ಲ, ಆದರೆ ಕೇಂದ್ರ ಕೂರುವ ಊರಿನ ಮಟ್ಟಿಗೆ ಅದು ದೊಡ್ಡ ಸಂಗತಿ. ಜಾಗತಿಕ ಸರಾಸರಿ ಕೇಳಿ ಸಮಾಧಾನಪಡದೆ ಸ್ಥಳದ ಲೆಕ್ಕ ಕೇಳಿ.

ಈಗ ಖಸಬ್‌ನ ಇಂದಿನ ಕೇಬಲ್ಲಿಗೆ ಬರೋಣ. ಭಾರತವನ್ನೂ ಕೊಲ್ಲಿ ದೇಶಗಳನ್ನೂ ಜೋಡಿಸುವ ಫಾಲ್ಕನ್ ಎಂಬ ಕಡಲಡಿಯ ಗಾಜಿನೆಳೆಯ ಜಾಲ ದಡ ಹತ್ತುವ ಊರುಗಳಲ್ಲಿ ಖಸಬ್ ಒಂದು. ಮಾಹಿತಿಯೆಲ್ಲ ಆಕಾಶದಲ್ಲಿ ತೇಲುತ್ತಿದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಖಂಡಗಳ ನಡುವಿನ ದತ್ತಾಂಶದಲ್ಲಿ ಶೇ 95ಕ್ಕೂ ಹೆಚ್ಚು ಓಡುವುದು ಕಡಲಿನ ತಳದಲ್ಲಿ. ಅಲ್ಲಿ ತಂತಿ ಕೆಡುವ ಬಗೆಯೂ ಹಲವು. 1873ರಲ್ಲಿ ಕರಾಚಿ–ಗ್ವಾದರ್ ಕೇಬಲ್ ಕೆಟ್ಟು, ಎತ್ತಿ ನೋಡಿದರೆ ಅದಕ್ಕೆ ಸಿಕ್ಕಿಕೊಂಡು ಸತ್ತ ತಿಮಿಂಗಿಲವಿತ್ತು. 2008ರ ಜನವರಿ ಕೊನೆಗೆ ಅಲೆಕ್ಸಾಂಡ್ರಿಯಾದ ಹತ್ತಿರ ಎರಡು ಕೇಬಲ್ ತುಂಡಾಗಿ ಭಾರತದ ಹೊರಸಂಪರ್ಕ ಅರ್ಧದಷ್ಟು ಕುಸಿದಾಗ, ಎರಡೇ ದಿನದಲ್ಲಿ ದುಬೈ ಕಡೆಯ ಫಾಲ್ಕನ್ ಕೂಡ ಕಡಿಯಿತು. ಬುಡಮೇಲು ಕೃತ್ಯ ಎಂಬ ವದಂತಿ ಜಗತ್ತೆಲ್ಲ ಹಬ್ಬಿತು. ದುರಸ್ತಿ ಹಡಗು ಫಾಲ್ಕನ್ ಕಡಿದ ಜಾಗದಿಂದ ಎತ್ತಿದ್ದು ಯಾರೋ ಬಿಟ್ಟುಹೋದ ಐದಾರು ಟನ್ನಿನ ಲಂಗರು.

ಕೊಲ್ಲಿಯಲ್ಲಿರುವ ಕನ್ನಡಿಗರಿಗೆ ಇದರಿಂದ ನೇರ ಉಪಯೋಗವಿದೆ. ಊರಿನ ಮನೆಯ ಕ್ಯಾಮೆರಾ, ಅಪ್ಪನ ಸಕ್ಕರೆ ಅಳೆಯುವ ಸಾಧನ, ಬ್ಯಾಂಕಿನ ಆ್ಯಪ್ ಎಲ್ಲವೂ ಈ ಎಳೆಗಳ ಮೇಲೆ ನಿಂತಿವೆ. ಜಾಲ ಕಡಿದ ದಿನ ಏನು ಮಾಡುವುದು ಎಂಬುದಕ್ಕೆ ಉತ್ತರವಿಲ್ಲದ ಸಾಧನವನ್ನು ವಯಸ್ಸಾದವರ ಆರೋಗ್ಯಕ್ಕೆ ನೆಚ್ಚಬೇಡಿ. ಪಕ್ಕದ ಮನೆಯವರ ಸಾಧಾರಣ ದೂರವಾಣಿ ಸಂಖ್ಯೆ ಕಾಗದದ ಮೇಲೆ ಇರಲಿ. ಇನ್ನೊಂದು, ಅನುಮತಿಯ ಪ್ರಶ್ನೆ. ಜಗತ್ತೆಲ್ಲ ಉಚಿತವಾಗಿ ಮಾತಾಡುತ್ತಿದ್ದಾಗ ಒಮಾನಿನಲ್ಲಿ ವಾಟ್ಸಾಪ್ ಕರೆ ವರ್ಷಗಳ ಕಾಲ ನಿರ್ಬಂಧಿತವಾಗಿತ್ತು. ತಂತ್ರಜ್ಞಾನಕ್ಕೆ ಕೊರತೆ ಇರಲಿಲ್ಲ, ಕಾನೂನು ಬಿಡುತ್ತಿರಲಿಲ್ಲ. ಉಪಗ್ರಹದ ಫೋನು, ಡ್ರೋನು, ಹೊಸ ಹಣ ವರ್ಗಾವಣೆಯ ಆ್ಯಪ್ ಕೊಳ್ಳುವ ಮುನ್ನ ನೀವಿರುವ ದೇಶದ ದೂರಸಂಪರ್ಕ ಪ್ರಾಧಿಕಾರ ಒಪ್ಪಿದೆಯೇ ಎಂದು ನೋಡಿಕೊಳ್ಳಿ. ಊರಿನಿಂದ ಡ್ರೋನ್ ಹೊತ್ತು ತಂದರೆ ವಿಮಾನ ನಿಲ್ದಾಣದಲ್ಲೇ ಕೈಬಿಡಬೇಕಾದೀತು.

ವೇಗದ ಬಗ್ಗೆ ಒಂದು ಮಾತು. ಮಸ್ಕತ್‌ಗೂ ಖಸಬ್‌ಗೂ ನಡುವೆ ಓಡಲೆಂದು ಒಮಾನ್ ಸರ್ಕಾರ ಆಸ್ಟ್ರೇಲಿಯದಲ್ಲಿ ಕಟ್ಟಿಸಿದ ಶಿನಾಸ್, ಹೊರ್ಮುಜ್ ಎಂಬ ಹಡಗುಗಳು ಡೀಸೆಲ್ ಪ್ರಯಾಣಿಕ ಹಡಗುಗಳಲ್ಲಿ ಜಗತ್ತಿನಲ್ಲೇ ಅತಿ ವೇಗದವು ಎಂದು ಹೆಸರಾದವು. ಒಳ್ಳೆಯ ಹಡಗುಗಳೇ. ಆದರೆ ಖಸಬ್‌ನಿಂದ ಆಸ್ಪತ್ರೆಗೆ ಹೊರಟವನಿಗೆ ಗಂಟೆಗೆ ಎಷ್ಟು ಮೈಲಿ ಎಂಬುದಕ್ಕಿಂತ ವಾರದಲ್ಲಿ ಎಷ್ಟು ದಿನ ಎಂಬುದು ಮುಖ್ಯ.

ಎಐ ಸಾಧನಗಳನ್ನು ಪರೀಕ್ಷಿಸಲು ನಾನು ಹೇಳುವ ದಾರಿ ಸರಳ: ನಿಮಗೆ ಗೊತ್ತಿಲ್ಲದ್ದನ್ನು ಮೊದಲು ಕೇಳಬೇಡಿ, ಚೆನ್ನಾಗಿ ಗೊತ್ತಿರುವುದನ್ನು ಕೇಳಿ. ನಿಮ್ಮ ಊರಿನ ಜಾತ್ರೆ ಯಾವ ತಿಂಗಳು, ನಿಮ್ಮ ಹೊಲದ ಮಣ್ಣಿಗೆ ಯಾವ ಬೆಳೆ, ನೀವು ಇಪ್ಪತ್ತು ವರ್ಷ ಮಾಡಿದ ಕೆಲಸದ ಒಂದು ಒಳಗುಟ್ಟು. ಅಲ್ಲಿ ಅದು ಎಷ್ಟು ಧೈರ್ಯವಾಗಿ ತಪ್ಪು ಹೇಳುತ್ತದೆ ಎಂದು ನೋಡಿದ ಮೇಲೆ, ಗೊತ್ತಿಲ್ಲದ ವಿಷಯದಲ್ಲಿ ಅದರ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ನಿಮಗೇ ತಿಳಿಯುತ್ತದೆ. ಭಾಷೆಯ ವಿಷಯದಲ್ಲೂ ಅಷ್ಟೆ. ಗೂಗಲ್ ಅನುವಾದಕ್ಕೆ 2024ರಲ್ಲಿ ತುಳು ಸೇರಿತು. ಕರಾವಳಿಯವರಿಗೆ ಸಂತೋಷದ ಸಂಗತಿ, ನನಗೂ. ಒಂದು ಪುಟ ಅನುವಾದ ಮಾಡಿಸಿ ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರ ಹುಬ್ಬು ಎಲ್ಲೆಲ್ಲಿ ಏರುತ್ತದೋ ಅಲ್ಲೆಲ್ಲ ಗುರುತು ಹಾಕಿ. ಖಸಬ್‌ನಿಂದ ದೋಣಿಯಲ್ಲೇ ತಲುಪಬೇಕಾದ ಕುಮ್ಜಾರ್ ಎಂಬ ಹಳ್ಳಿಯವರು ಆಡುವ ಕುಮ್ಜಾರಿ, ಇರಾನಿ ಕುಟುಂಬದ ಭಾಷೆ. ಅದಕ್ಕೆ ಬರಹದ ಪರಂಪರೆಯೇ ಇಲ್ಲ. ಜಗತ್ತಿನ ಎಲ್ಲ ಭಾಷೆಗಳಿಗೂ ಎಂಬ ಜಾಹೀರಾತು ಕಂಡಾಗ ಕುಮ್ಜಾರಿನ ಮೀನುಗಾರನನ್ನು ನೆನೆದರೆ ಆ ಮಾತಿನ ಅಳತೆ ಸಿಗುತ್ತದೆ.

ಹಣದ ವಿಷಯದಲ್ಲಿ ಅಬ್ಬರ ಮೋಸವಾಗಲು ಹೆಚ್ಚು ದೂರವಿಲ್ಲ. 2023ರ ಡಿಸೆಂಬರ್‌ನಲ್ಲಿ ಇನ್ಫೋಸಿಸ್ ಸಹಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು, ತಾವು ಹಣ ಹೂಡಿರುವುದಾಗಿ ಹೇಳುತ್ತ ತಮ್ಮ ಮುಖ, ತಮ್ಮ ದನಿ ಹೊತ್ತು ಓಡಾಡುತ್ತಿರುವ ವಿಡಿಯೊಗಳು ನಕಲಿ ಎಂದು ಸ್ವತಃ ಎಚ್ಚರಿಸಬೇಕಾಯಿತು. ಎಐ ತಾನೇ ವ್ಯಾಪಾರ ಮಾಡಿ ಲಾಭ ತರುತ್ತದೆ ಎಂಬ ವೇದಿಕೆಗಳ ಜಾಹೀರಾತು ಅವು. ಮುಖ, ದನಿ ಈಗ ಸಾಕ್ಷಿಯಲ್ಲ. ಭಾರತದಲ್ಲಿ ಹೂಡಿಕೆಗೆ ಕರೆಯುವವರು ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ್ದಾರೆಯೇ ಎಂದು ಸೆಬಿಯ ಪಟ್ಟಿಯಲ್ಲೇ ಹುಡುಕಿ, ಅವರು ಕಳಿಸಿದ ಲಿಂಕಿನಲ್ಲಲ್ಲ. ಮಗ, ಮಗಳ ದನಿಯಲ್ಲಿ ತುರ್ತಾಗಿ ಹಣ ಕೇಳುವ ಕರೆ ಬಂದರೆ ಕೇಳಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯನ್ನು ಈ ವಾರವೇ ಗೊತ್ತು ಮಾಡಿಕೊಳ್ಳಿ. ಹಣ ಹೋದರೆ ಊರಿನಲ್ಲಿರುವವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎಲ್ಲವನ್ನೂ ಅನುಮಾನಿಸಿ ಕೂರುವುದೂ ಸರಿಯಲ್ಲ. ನಮ್ಮಲ್ಲೇ ನಿಜವಾಗಿ ಕೆಲಸ ಮಾಡಿದ ತಂತ್ರಜ್ಞಾನವಿದೆ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು; ಗ್ರಾಮ ಲೆಕ್ಕಿಗರ ಮನೆಗೆ ಅಲೆಯುವುದು ತಪ್ಪಿತು. ಗೆಲುವಿಗೆ ಕಾರಣ ಕಂಪ್ಯೂಟರ್ ಒಂದೇ ಅಲ್ಲ. ಕೈಬರಹದ ಪಹಣಿ ಇನ್ನು ನಡೆಯದು ಎಂದು ಸರ್ಕಾರ ಗಟ್ಟಿಯಾಗಿ ನಿಂತಿತು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ಮುಂದೆ ಹೋಗುವಂತೆ ಮಾಡಿತು. ಕೈಬದಲಾಗುವ ಜಾಗವನ್ನು ಸರಿಮಾಡಿತು ಎಂದರ್ಥ. ಆದರೂ 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ, ಒಂದೇ ಕಡೆ ಸುಲಭವಾಗಿ ಸಿಗುವ ದಾಖಲೆಯಿಂದ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೇ ಹೆಚ್ಚು ಅನುಕೂಲವಾಯಿತು, ಸಣ್ಣ ಹಿಡುವಳಿದಾರರ ಕಷ್ಟ ಕಡಿಮೆಯಾಗಲಿಲ್ಲ ಎಂದು ಬರೆದರು. ಎರಡೂ ನಿಜವಾಗಿರಬಹುದು. ಪಹಣಿಗೆ ಲಂಚ ತಪ್ಪಿದ ರೈತನ ನೆಮ್ಮದಿಯೂ ಸತ್ಯ, ನಗರದಂಚಿನ ಹೊಲ ಕೈತಪ್ಪಿದವನ ಸಂಕಟವೂ ಸತ್ಯ. ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಕೇಳುವವರಿಗೆ ಯಾರಿಗೆ, ಯಾವ ಊರಿನಲ್ಲಿ, ಯಾವ ವರ್ಷ ಎಂದು ತಿರುಗಿ ಕೇಳಬೇಕು.

ಇದನ್ನೆಲ್ಲ ಮನೆಯಲ್ಲಿ ಅಭ್ಯಾಸ ಮಾಡಲು ಒಂದು ನೋಟ್‌ಬುಕ್ ಸಾಕು. ಹೊಸ ತಂತ್ರಜ್ಞಾನದ ಯಾವ ಸುದ್ದಿ ನಿಮ್ಮನ್ನು ಹಿಡಿಯುತ್ತದೋ ಅದನ್ನು ದಿನಾಂಕ ಹಾಕಿ ಬರೆದಿಡಿ: ಯಾರು ಹೇಳಿದರು, ಯಾವ ವರ್ಷಕ್ಕೆ ಆಗುತ್ತದೆ ಎಂದರು, ಇವತ್ತು ತೋರಿಸಿದ್ದೇನು, ಕೆಟ್ಟರೆ ಯಾರು ಸರಿಮಾಡುತ್ತಾರೆ, ಅವರಿಗೆ ಇದರಿಂದ ಹಣ ಬರುತ್ತದೆಯೇ. ಪುಟದ ಕೆಳಗೆ ಮೂರು ಬೆರಳಗಲ ಜಾಗ ಖಾಲಿ ಬಿಡಿ. ಮುಂದಿನ ಯುಗಾದಿಗೆ ಮಕ್ಕಳನ್ನು ಕೂರಿಸಿಕೊಂಡು ಆ ಪುಟಗಳನ್ನು ತೆರೆಯಿರಿ, ಏನಾಯಿತೆಂದು ಅವರೇ ಹುಡುಕಿ ಆ ಜಾಗದಲ್ಲಿ ಬರೆಯಲಿ.